ಎಲೆಕ್ಟ್ರಿಕಲ್ ಓದೋಕೆ ಮ್ಯಾಥ್ಸ್ ಎಷ್ಟು ಬರಬೇಕು?

ಎಲೆಕ್ಟ್ರಿಕಲ್ ಆ್ಯಂಡ್ ಎಲೆಕ್ಟ್ರಾನಿಕ್ಸ್‌ಗೆ ಸೇರಬೇಕೆಂದು ಇರುವವರು, ಸೇರಿ ಮೊದಲ ಸೆಮಿಸ್ಟರ್‌ನಲ್ಲೇ ಕಂಗಾಲಾದವರು, ಅವರ ಅಪ್ಪ-ಅಮ್ಮಂದಿರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: "ಮ್ಯಾಥ್ಸ್ ಅಷ್ಟಕ್ಕಷ್ಟೇ. ಈ ಕೋರ್ಸು ಕೈಲಾಗುತ್ತಾ?"

ಆಗುತ್ತದೆ. ಬೇಕಾಗುವ ಗಣಿತ ಜನ ಹೆದರುವಷ್ಟು ಇಲ್ಲ. ಆದರೆ ಬೇಕಾದಷ್ಟು ಗಣಿತ ಅರ್ಧಂಬರ್ಧ ಬಂದರೆ ಸಾಲದು, ಯೋಚಿಸದೆ ಕೈಗೆ ಬರಬೇಕು. ಫೇಲಾಗುವವರಲ್ಲಿ ಬಹುಪಾಲು ಜನ ಕಷ್ಟದ ಇಂಟಿಗ್ರೇಷನ್ ಬಿಡಿಸಲಾರದೆ ಫೇಲಾಗುವುದಿಲ್ಲ. ಮೈನಸ್ ಚಿಹ್ನೆ, ಕೋನ, ಯೂನಿಟ್ಟು, ಪೀಕ್ (ತರಂಗದ ತುತ್ತತುದಿ) ಮತ್ತು ಆರ್‌ಎಂಎಸ್ (ಎಸಿ ಮೀಟರ್ ತೋರಿಸುವ ಪರಿಣಾಮಕಾರಿ ಬೆಲೆ) ನಡುವಿನ ವ್ಯತ್ಯಾಸ, ಇಂಥ ಕಡೆ ಜಾರುತ್ತಾರೆ.

ಮೊದಲು ಎದುರಾಗುವುದು, ಕೊನೆಯ ಸೆಮಿಸ್ಟರ್‌ವರೆಗೂ ಬೆನ್ನು ಬಿಡದಿರುವುದು ಕಾಂಪ್ಲೆಕ್ಸ್ ನಂಬರ್, ಅಂದರೆ ಉದ್ದ, ಕೋನ ಎರಡನ್ನೂ ಒಟ್ಟಿಗೆ ಹಿಡಿದಿಡುವ ಸಂಖ್ಯೆ. ಎಸಿಯಲ್ಲಿ ವೋಲ್ಟೇಜೂ ಕರೆಂಟೂ ಯಾವಾಗಲೂ ಒಂದೇ ಹೊತ್ತಿಗೆ ಏರಿಳಿಯುವುದಿಲ್ಲ. ಕಾಯಿಲ್ ಇದ್ದರೆ ಕರೆಂಟ್ ಹಿಂದೆ ಬೀಳುತ್ತದೆ, ಕೆಪಾಸಿಟರ್ ಇದ್ದರೆ ಮುಂದಿರುತ್ತದೆ. ಈ ಹಿಂದುಮುಂದನ್ನು ಲೆಕ್ಕಕ್ಕೆ ತರಲು ಮೊದಲೆಲ್ಲ ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸುತ್ತಾ ಕೂರಬೇಕಿತ್ತು. 1893ರಲ್ಲಿ ಷಿಕಾಗೋದ ಎಲೆಕ್ಟ್ರಿಕಲ್ ಕಾಂಗ್ರೆಸ್‌ನಲ್ಲಿ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಕಾಂಪ್ಲೆಕ್ಸ್ ನಂಬರ್ ಬಳಸುವ ದಾರಿಯನ್ನು ಮಂಡಿಸಿದರು. ಆ ದಾರಿಯಲ್ಲಿ ಎಸಿ ಲೆಕ್ಕವೂ ಓಮ್ ನಿಯಮದ ಕೂಡು-ಗುಣಿಸು ಲೆಕ್ಕವೇ. ಇವತ್ತಿಗೂ ಪಾಠ ಮಾಡುವುದು ಅದನ್ನೇ.

ಒಂದು ಲೆಕ್ಕ ಪೂರ್ತಿ ನೋಡೋಣ. 230 ವೋಲ್ಟ್, 50 ಹರ್ಟ್ಜ್ ಸಪ್ಲೈಗೆ 30 ಓಮ್ ರೆಸಿಸ್ಟರ್ ಮತ್ತು 127 ಮಿಲಿಹೆನ್ರಿ ಕಾಯಿಲ್ ಸರಣಿಯಲ್ಲಿವೆ. ಕಾಯಿಲ್‌ನ ರಿಯಾಕ್ಟೆನ್ಸ್ (ಎಸಿಗೆ ಅದು ಒಡ್ಡುವ ತಡೆ) ಅಂದರೆ 2 ಗುಣಿಸು ಪೈ ಗುಣಿಸು 50 ಗುಣಿಸು 0.127, ಸುಮಾರು 40 ಓಮ್. 30 ಮತ್ತು 40ನ್ನು ಕೂಡಿ 70 ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಅವು ಒಂದಕ್ಕೊಂದು ಲಂಬವಾಗಿವೆ, ಹಾಗಾಗಿ ಇಂಪೀಡೆನ್ಸ್ (ಎರಡೂ ಸೇರಿದ ಒಟ್ಟು ತಡೆ) 50 ಓಮ್, ಕೋನ 53.13 ಡಿಗ್ರಿ. ಕರೆಂಟ್ 4.6 ಆಂಪಿಯರ್. ಈಗ ಮೀಟರ್ ಹಿಡಿದರೆ ರೆಸಿಸ್ಟರ್ ಮೇಲೆ 138 ವೋಲ್ಟ್, ಕಾಯಿಲ್ ಮೇಲೆ 184 ವೋಲ್ಟ್ ತೋರಿಸುತ್ತದೆ. ಎರಡನ್ನೂ ಕೂಡಿದರೆ 322. ಸಪ್ಲೈ ಇರುವುದು 230! ಪಾಠ ಕೇಳಿ ಬಂದವರೂ ಲ್ಯಾಬ್‌ನಲ್ಲಿ ಇದನ್ನು ಕಂಡು ಮೀಟರ್ ಕೆಟ್ಟಿದೆ ಅನ್ನುತ್ತಾರೆ. 138ರ ವರ್ಗಕ್ಕೆ 184ರ ವರ್ಗ ಕೂಡಿಸಿ ನೋಡಿ: 52,900. ಅದು 230ರ ವರ್ಗವೇ.

ಇದೇ ಸರ್ಕ್ಯೂಟ್ ಇನ್ನೂ ಮುಂದೆ ಕರೆದೊಯ್ಯುತ್ತದೆ. ನಿಜವಾಗಿ ಶಾಖವಾಗುವ ಪವರ್ ಸುಮಾರು 635 ವಾಟ್, ಆದರೆ ತಂತಿ ಹೊರುತ್ತಿರುವುದು 1058 ವೋಲ್ಟ್-ಆಂಪಿಯರ್. ಇವೆರಡರ ಅನುಪಾತವೇ ಪವರ್ ಫ್ಯಾಕ್ಟರ್, 0.6. ಸಪ್ಲೈಗೆ ಸಮಾಂತರವಾಗಿ ಸುಮಾರು 51 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿದರೆ ಸಪ್ಲೈನಿಂದ ಬರುವ ಕರೆಂಟ್ 4.6ರಿಂದ 2.76 ಆಂಪಿಯರ್‌ಗೆ ಇಳಿಯುತ್ತದೆ. ಕಾಯಿಲ್‌ನಲ್ಲಿ ಹರಿಯುವುದು ಆಗಲೂ 4.6 ಆಂಪಿಯರೇ. ಎಸಿ ಪೇಪರ್‌ನ ದೊಡ್ಡ ಪಾಲು ಈ ಒಂದು ಲೆಕ್ಕದ ರೂಪಾಂತರ ಅಷ್ಟೆ. ಅಂಕಿ ಬದಲಿಸಿಕೊಂಡು ಇದನ್ನು ನೋಟ್ಸ್ ನೋಡದೆ ಬಿಡಿಸಲು ಬಂದರೆ ಗಣಿತದ ಅರ್ಧ ಭಯ ಹೋಯಿತು.

ಎಡವುವ ಜಾಗಗಳು ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದು ಕ್ಯಾಲ್ಕುಲೇಟರ್. ಮೈನಸ್ 3 ಪ್ಲಸ್ ಜೆ 4 (ಜೆ ಅಂದರೆ ಮೈನಸ್ 1ರ ವರ್ಗಮೂಲ) ಎಂಬ ಸಂಖ್ಯೆಯ ಕೋನಕ್ಕೆ 4 ಭಾಗಿಸು ಮೈನಸ್ 3 ಮಾಡಿ ಟ್ಯಾನ್ ಇನ್ವರ್ಸ್ ಒತ್ತಿದರೆ ಮೈನಸ್ 53.13 ಬರುತ್ತದೆ. ಸರಿಯಾದ ಕೋನ 126.87 ಡಿಗ್ರಿ. ಮೈನಸ್ ಮೇಲಿತ್ತೋ ಕೆಳಗಿತ್ತೋ ಅಂತ ಭಾಗಾಕಾರ ಆದಮೇಲೆ ಕ್ಯಾಲ್ಕುಲೇಟರ್‌ಗೆ ಗೊತ್ತಾಗುವುದಿಲ್ಲ. ಸಂಖ್ಯೆ ಎಡಗಡೆ ಬಿದ್ದಿದೆಯೇ ಬಲಗಡೆಯೇ ಎಂದು ಒಂದು ಚಿತ್ರ ಗೀಚಿ ನೋಡಬೇಕು, ಅಥವಾ ಪೋಲಾರ್‌ಗೆ (ಉದ್ದ-ಕೋನದ ರೂಪಕ್ಕೆ) ಬದಲಿಸುವ ಬಟನ್ ಬಳಸಬೇಕು.

ಎರಡನೆಯದು ಡಿಗ್ರಿ-ರೇಡಿಯನ್ ಕಲಸುಮೇಲೋಗರ. ವೋಲ್ಟೇಜ್ ಅಂದರೆ 325 ಸೈನ್ ಆಫ್ 314 ಟಿ ಪ್ಲಸ್ 30 ಡಿಗ್ರಿ ಎಂದು ಕೊಟ್ಟಿರುತ್ತಾರೆ. 5 ಮಿಲಿಸೆಕೆಂಡಿಗೆ ಎಷ್ಟು? 314 ಗುಣಿಸು 0.005 ಅಂದರೆ 1.57, ಅದು ರೇಡಿಯನ್, ಅಂದರೆ 90 ಡಿಗ್ರಿ. ಒಟ್ಟು 120 ಡಿಗ್ರಿ, ಉತ್ತರ ಸುಮಾರು 281 ವೋಲ್ಟ್. 1.57ಕ್ಕೆ ನೇರವಾಗಿ 30 ಕೂಡಿಸಿದವರಿಗೆ 170 ವೋಲ್ಟ್ ಸಿಗುತ್ತದೆ. ಉತ್ತರ ತೀರಾ ಅಸಂಬದ್ಧವಾಗಿದ್ದರೆ ಅನುಮಾನವಾದರೂ ಬರುತ್ತಿತ್ತು. 170 ನೋಡಲು ನೆಟ್ಟಗೇ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ.

ಮೂರನೆಯದು ತ್ರೀ ಫೇಸ್. ಲೈನ್ ವೋಲ್ಟೇಜ್ (ಎರಡು ಲೈನ್‌ಗಳ ನಡುವಿನದು) 400 ಇದ್ದರೆ ಫೇಸ್ ವೋಲ್ಟೇಜ್ (ಲೈನ್ ಮತ್ತು ನ್ಯೂಟ್ರಲ್ ನಡುವಿನದು) ಅದನ್ನು ರೂಟ್ 3ರಿಂದ ಭಾಗಿಸಿದ್ದು, ಸುಮಾರು 231. ಇದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಪವರ್ ಸೂತ್ರದ ಕೋನ ಯಾವುದರ ನಡುವಿನದು? ಫೇಸ್ ವೋಲ್ಟೇಜ್ ಮತ್ತು ಫೇಸ್ ಕರೆಂಟ್ ನಡುವಿನದು. ಸೂತ್ರದಲ್ಲಿ ಲೈನ್ ವೋಲ್ಟೇಜ್, ಲೈನ್ ಕರೆಂಟ್ ಇದೆಯಲ್ಲ ಅಂತ ಕೋನವನ್ನೂ ಅವುಗಳ ನಡುವೆ ಹಿಡಿದರೆ 30 ಡಿಗ್ರಿ ತಪ್ಪುತ್ತದೆ.

ಇನ್ನು ಚಿಹ್ನೆ. ಕರೆಂಟ್ ಯಾವ ಕಡೆಗೆ ಹರಿಯುತ್ತದೆಂದು ಮೊದಲೇ ಊಹಿಸಿ ಸರಿಯಾಗಿ ಬಾಣ ಹಾಕಬೇಕು ಎಂದು ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಬೇಕಿಲ್ಲ. ಬಾಣ ಯಾವ ಕಡೆಗಾದರೂ ಹಾಕಿ. ಬಾಣ ಒಳಹೊಗುವ ತುದಿಗೆ ಪ್ಲಸ್ ಬರೆಯಿರಿ. ಆಮೇಲೆ ಲೆಕ್ಕ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಉತ್ತರ ಮೈನಸ್ ಬಂದರೆ ಕರೆಂಟ್ ಎದುರು ದಿಕ್ಕಿಗಿದೆ ಅಂತ ಅರ್ಥ, ಲೆಕ್ಕ ತಪ್ಪಿದೆ ಅಂತಲ್ಲ. ನಡುವೆ ಬಾಣ ತಿರುಗಿಸಿದವರದೇ ಹಾಳಾಗುವುದು.

ಡಿಫರೆನ್ಷಿಯಲ್ ಈಕ್ವೇಶನ್ ಹೆಸರಿಗಷ್ಟೇ ದೊಡ್ಡದು. ಸರ್ಕ್ಯೂಟ್ ಪಾಠದಲ್ಲಿ ಮೊದಲ ದರ್ಜೆಯದು ಒಂದು, ಎರಡನೇ ದರ್ಜೆಯದು ಒಂದು, ಅಷ್ಟು ಅರ್ಥವಾದರೆ ಮುಂದೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಂದು ಅದನ್ನೂ ಬೀಜಗಣಿತ ಮಾಡಿಬಿಡುತ್ತದೆ. ಆದರೆ ಆ ಈಕ್ವೇಶನ್ ಏನು ಹೇಳುತ್ತಿದೆ ಅನ್ನುವುದು ಗೊತ್ತಿರಬೇಕು. 1 ಮೆಗಾಓಮ್ ರೆಸಿಸ್ಟರ್ ಮೂಲಕ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ 5 ವೋಲ್ಟ್ ಕೊಟ್ಟರೆ ಟೈಮ್ ಕಾನ್‌ಸ್ಟಂಟ್ (ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್) 1 ಸೆಕೆಂಡ್. 1 ಸೆಕೆಂಡಿಗೆ 63.2 ಶೇಕಡಾ, ಅಂದರೆ 3.16 ವೋಲ್ಟ್, 5 ಸೆಕೆಂಡಿಗೆ 99.3 ಶೇಕಡಾ. ಲ್ಯಾಬ್‌ನಲ್ಲಿ ಡಿಜಿಟಲ್ ಮಲ್ಟಿಮೀಟರ್ ಹಚ್ಚಿ ಎಷ್ಟು ಹೊತ್ತು ಕಾದರೂ 4.55ರ ಮೇಲೆ ಏರುವುದಿಲ್ಲ. ಬಹಳಷ್ಟು ಮಲ್ಟಿಮೀಟರ್‌ಗಳ ಒಳಗಿನ ರೆಸಿಸ್ಟೆನ್ಸ್ 10 ಮೆಗಾಓಮ್. ಅದು ಕೆಪಾಸಿಟರ್‌ಗೆ ಸಮಾಂತರವಾಗಿ ಕೂತು, 1 ಮೆಗಾಓಮ್ ಜತೆ ಸೇರಿ ವೋಲ್ಟೇಜ್ ಡಿವೈಡರ್ ಆಗಿದೆ: 5ರ ಹನ್ನೊಂದರಲ್ಲಿ ಹತ್ತು ಪಾಲು. ಟೈಮ್ ಕಾನ್‌ಸ್ಟಂಟ್ ಕೂಡ 0.91 ಸೆಕೆಂಡಿಗೆ ಇಳಿದಿದೆ. ಇದನ್ನು ಬಿಡಿಸಲು ಬೇಕಾದದ್ದು ಥೆವೆನಿನ್ ಪ್ರಮೇಯ (ಸರ್ಕ್ಯೂಟನ್ನು ಒಂದು ಸೋರ್ಸ್, ಒಂದು ರೆಸಿಸ್ಟರ್‌ಗೆ ಇಳಿಸುವ ದಾರಿ), ಕ್ಯಾಲ್ಕುಲಸ್ ಅಲ್ಲ. 10 ಕಿಲೋಓಮ್, 100 ಮೈಕ್ರೋಫ್ಯಾರಡ್ ಹಾಕಿದರೂ 1 ಸೆಕೆಂಡೇ, ಮೀಟರ್‌ನ ಕಾಟವೂ ಇಲ್ಲ. ಆದರೆ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಸಾಮಾನ್ಯವಾಗಿ 20 ಶೇಕಡಾ ಅತ್ತಿತ್ತ ಇರುತ್ತದೆ, ಆದ್ದರಿಂದ 1.15 ಸೆಕೆಂಡ್ ಬಂದರೆ ಗಾಬರಿ ಬೇಡ.

ಗುಣಾಕಾರ-ಭಾಗಾಕಾರವೇ ಸೋಲು ಗೆಲುವು ತೀರ್ಮಾನಿಸುವ ಇನ್ನೊಂದು ಜಾಗ ನೋಡಿ. ಮಿನಿ ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಕಟ್ಟುವ 12 ವೋಲ್ಟ್ ಪವರ್ ಸಪ್ಲೈ: ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, ಕೆಪಾಸಿಟರ್, 7812 ರೆಗ್ಯುಲೇಟರ್ (ಔಟ್‌ಪುಟ್ಟನ್ನು 12 ವೋಲ್ಟ್‌ಗೆ ಹಿಡಿದಿಡುವ ಐಸಿ). ಲೋಡ್ 0.5 ಆಂಪಿಯರ್. 12 ಬೇಕಲ್ಲ ಅಂತ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ಅದರ ಪೀಕ್ 12 ಗುಣಿಸು ರೂಟ್ 2, ಅಂದರೆ 17 ವೋಲ್ಟ್. ಬ್ರಿಜ್‌ನಲ್ಲಿ ಎರಡು ಡಯೋಡ್ ದಾಟುವಾಗ 1.4 ಹೋಗಿ 15.6 ಉಳಿಯುತ್ತದೆ. ಕೆಪಾಸಿಟರ್ 2200 ಮೈಕ್ರೋಫ್ಯಾರಡ್ ಆದರೆ ರಿಪಲ್ (ಉಳಿಯುವ ಏರಿಳಿತ) ಎಷ್ಟು? ಕರೆಂಟನ್ನು 100 ಹರ್ಟ್ಜ್ ಮತ್ತು ಕೆಪಾಸಿಟೆನ್ಸ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 2.3 ವೋಲ್ಟ್. ಅಲ್ಲಿಗೆ ಕಣಿವೆಯ ತಳ 13.3. 7812ಗೆ ಔಟ್‌ಪುಟ್‌ಗಿಂತ 2 ವೋಲ್ಟ್ ಹೆಚ್ಚು, ಅಂದರೆ 14 ಬೇಕು. ಪ್ರತಿ ಅರ್ಧ ಸೈಕಲ್‌ನಲ್ಲೂ ಅದು ಕೈಬಿಡುತ್ತದೆ, ಔಟ್‌ಪುಟ್‌ನಲ್ಲಿ 100 ಹರ್ಟ್ಜ್ ಗುಂಯ್ ಎನ್ನುತ್ತದೆ. ಮಲ್ಟಿಮೀಟರ್ ಮಾತ್ರ ಸರಾಸರಿ ತೆಗೆದು 11.9 ಎಂದೇನೋ ತೋರಿಸಿ ಸುಮ್ಮನಾಗುತ್ತದೆ. ಅದನ್ನು ನಂಬಿ ಐಸಿ ಬದಲಿಸುತ್ತಾ ಕೂತರೆ ಸಂಜೆಯಾಗುತ್ತದೆ. ತರಂಗದ ಆಕಾರ ತೋರಿಸುವ ಆಸಿಲ್ಲೋಸ್ಕೋಪ್ ಹಚ್ಚಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

15 ವೋಲ್ಟ್ ಟ್ರಾನ್ಸ್‌ಫಾರ್ಮರ್, 4700 ಮೈಕ್ರೋಫ್ಯಾರಡ್ ಹಾಕಿ. ಪೀಕ್ 19.8, ರಿಪಲ್ ಸುಮಾರು 1.1. ಸಪ್ಲೈ 10 ಶೇಕಡಾ ಇಳಿದರೂ ತಳ 16.6ರ ಹತ್ತಿರ ಇರುತ್ತದೆ. ಆದರೆ ಈಗ ರೆಗ್ಯುಲೇಟರ್ ಮೇಲೆ ಉಳಿಯುವ 7.3 ವೋಲ್ಟ್ ಗುಣಿಸು 0.5, ಅಂದರೆ 3.6 ವಾಟ್ ಶಾಖ. ಹೀಟ್ ಸಿಂಕ್ ಇಲ್ಲದ ಆ ಪ್ಯಾಕೇಜ್ ಪ್ರತಿ ವಾಟ್‌ಗೆ 50 ಡಿಗ್ರಿಗಿಂತ ಕಡಿಮೆ ಏರುವುದಿಲ್ಲ. 180 ಡಿಗ್ರಿಗೆ ಕೋಣೆಯ ಬಿಸಿ ಕೂಡಿಸಿಕೊಳ್ಳಿ. ಐಸಿ ಅಷ್ಟು ದೂರ ಹೋಗುವ ಮೊದಲೇ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ, ತಣ್ಣಗಾಗಿ ಮತ್ತೆ ಶುರುವಾಗುತ್ತದೆ. ಹೀಟ್ ಸಿಂಕ್ ಬೇಕೇ ಬೇಕು. ಕೆಪಾಸಿಟರ್‌ನ ವೋಲ್ಟೇಜ್ 35 ಇರಲಿ: ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಬರೆದಿದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಮೊದಲಿನ 12 ವೋಲ್ಟ್ ಟ್ರಾನ್ಸ್‌ಫಾರ್ಮರ್‌ಗೂ 16 ವೋಲ್ಟ್ ಕೆಪಾಸಿಟರ್ ಹಾಕಬಾರದಿತ್ತು, ಅದೇ ಕಾರಣಕ್ಕೆ. ಈ ಇಡೀ ವಿನ್ಯಾಸದಲ್ಲಿ ಹತ್ತನೇ ಕ್ಲಾಸಿನ ಅಂಕಗಣಿತ ದಾಟಿದ್ದು ರೂಟ್ 2 ಎಲ್ಲಿಂದ ಬಂತು ಅನ್ನುವುದೊಂದೇ.

ಮ್ಯಾಟ್ರಿಕ್ಸ್ ವಿಷಯಕ್ಕೆ ಬಂದರೆ, ಮೂರು ಈಕ್ವೇಶನ್‌ಗಿಂತ ದೊಡ್ಡದನ್ನು ಕೈಯಲ್ಲಿ ಬಿಡಿಸಿ ಎಂದು ಯಾರೂ ಕೇಳುವುದಿಲ್ಲ, ಅದಕ್ಕೆ ಸರ್ಕ್ಯೂಟನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಸಿಮ್ಯುಲೇಟರ್ ಇದೆ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಸ್ಪೈಸ್ ಮತ್ತು ಅದರ ಮಕ್ಕಳು-ಮೊಮ್ಮಕ್ಕಳೆಲ್ಲ ಒಳಗೆ ಮಾಡುವುದು ನೀವು ತರಗತಿಯಲ್ಲಿ ಕಲಿತ ನೋಡಲ್ ಅನಾಲಿಸಿಸ್‌ನ ವಿಸ್ತರಣೆಯನ್ನೇ. ಅದಕ್ಕೇ "ಸಿಂಗ್ಯುಲರ್ ಮ್ಯಾಟ್ರಿಕ್ಸ್" ಎಂಬ ಎರರ್ ಬಂದಾಗ ಸಾಫ್ಟ್‌ವೇರ್ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಸಾಮಾನ್ಯವಾಗಿ ಯಾವುದೋ ಒಂದು ನೋಡ್‌ಗೆ (ಬಿಡಿಭಾಗಗಳು ಕೂಡುವ ಬಿಂದುವಿಗೆ) ಗ್ರೌಂಡ್‌ವರೆಗೆ ಡಿಸಿ ದಾರಿ ಇಲ್ಲ ಎಂದು ಅದರ ಅರ್ಥ. ಎರಡು ಕೆಪಾಸಿಟರ್‌ಗಳ ನಡುವೆ ತೂಗಾಡುವ ಬಿಂದು ಇರಬಹುದು, ಗ್ರೌಂಡ್ ಚಿಹ್ನೆಯನ್ನೇ ಮರೆತಿರಬಹುದು. ಮೊದಲು ಗ್ರೌಂಡ್ ಹಾಕಿ. ಕೆಪಾಸಿಟರ್ ನಡುವಿನ ನೋಡ್‌ನಿಂದ ಗ್ರೌಂಡ್‌ಗೆ 1 ಗಿಗಾಓಮ್ ರೆಸಿಸ್ಟರ್ ಹಾಕಿದರೆ ಓಡುತ್ತದೆ, ಉತ್ತರವೂ ಅಷ್ಟಾಗಿ ಬದಲಾಗುವುದಿಲ್ಲ.

ತರಂಗವನ್ನು ಸೈನ್ ತರಂಗಗಳಾಗಿ ಬಿಡಿಸುವ ಫೂರಿಯೇ ಬಗ್ಗೆ ಒಂದೇ ಮಾತು: ಚೌಕ ತರಂಗದಲ್ಲಿ ಮೂಲ ಆವರ್ತನದ ಜತೆ ಅದರ 3, 5, 7 ಪಟ್ಟಿನವು ಮೂರನೇ ಒಂದು, ಐದನೇ ಒಂದು, ಏಳನೇ ಒಂದು ಪಾಲಾಗಿ ಬೆರೆತಿವೆ ಅನ್ನುವುದು ಮನಸ್ಸಿಗಿಳಿದರೆ ಸಾಕು. ಆಗ 20 ಮೆಗಾಹರ್ಟ್ಜ್ ಸ್ಕೋಪ್‌ನಲ್ಲಿ 10 ಮೆಗಾಹರ್ಟ್ಜ್ ಚೌಕ ತರಂಗ ಯಾಕೆ ದುಂಡಗೆ ಕಾಣುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ನಿಜಕ್ಕೂ ಗಣಿತ ಜಾಸ್ತಿ ಬೇಡುವ ಪೇಪರ್ ಅಂದರೆ ಎಲೆಕ್ಟ್ರೋಮ್ಯಾಗ್ನೆಟಿಕ್ಸ್. ಡೈವರ್ಜೆನ್ಸ್, ಕರ್ಲ್, ಸಿಲಿಂಡ್ರಿಕಲ್ ಕೋಆರ್ಡಿನೇಟ್ಸ್, ಇದ್ಯಾವುದರಲ್ಲೂ ಅಡ್ಡದಾರಿ ಇಲ್ಲ. ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಲಾಪ್ಲಾಸ್ ಚೆನ್ನಾಗಿರಬೇಕು, ಕಮ್ಯುನಿಕೇಷನ್‌ನಲ್ಲಿ ಪ್ರಾಬಬಿಲಿಟಿ. ಇವು ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಆದ್ದರಿಂದ ಸೇರುವ ಮೊದಲೇ ಅವನ್ನು ನೆನೆದು ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ.

ಸೇರುವ ಮುಂಚೆ ರಜೆ ಸಿಕ್ಕಿದರೆ ಹೊಸ ಕ್ಯಾಲ್ಕುಲಸ್ ಪುಸ್ತಕ ಹಿಡಿಯುವುದಕ್ಕಿಂತ ಇಷ್ಟು ಮಾಡಿ. ಕಾಂಪ್ಲೆಕ್ಸ್ ನಂಬರನ್ನು ಪೋಲಾರ್‌ಗೂ ವಾಪಸ್ಸೂ ಬದಲಿಸುವುದನ್ನು ಕೈ ಪಳಗುವವರೆಗೆ ಮಾಡಿ. ಕೂಡುವಾಗ ರೆಕ್ಟ್ಯಾಂಗ್ಯುಲರ್ (3 ಪ್ಲಸ್ ಜೆ 4 ಥರದ ರೂಪ), ಗುಣಿಸುವಾಗ ಪೋಲಾರ್. ಒಂದೇ ಹಾಳೆಯಲ್ಲಿ ಸೈನ್ ತರಂಗ, ಅದಕ್ಕಿಂತ 30 ಡಿಗ್ರಿ ಮುಂದಿರುವುದು, 90 ಡಿಗ್ರಿ ಹಿಂದಿರುವುದು ಮೂರನ್ನೂ ಬರೆಯಿರಿ. ಮುಂದಿರುವ ತರಂಗ ಗ್ರಾಫ್‌ನಲ್ಲಿ ಎಡಕ್ಕೆ ಬರಬೇಕು, ಅರ್ಧ ತರಗತಿ ಇದನ್ನು ಬಲಕ್ಕೆ ಬರೆಯುತ್ತದೆ. ಲಾಗ್ ನೆನಪು ಮಾಡಿಕೊಳ್ಳಿ: ವೋಲ್ಟೇಜ್ ಎರಡು ಪಟ್ಟಾದರೆ 6 ಡೆಸಿಬಲ್, 0.707 ಪಟ್ಟಾದರೆ ಮೈನಸ್ 3. ಮಿಲಿ, ಮೈಕ್ರೋ, ನ್ಯಾನೋ, ಪಿಕೋಗಳನ್ನು 10ರ ಘಾತವಾಗಿ ಬರೆದು ಗುಣಿಸಿ ಭಾಗಿಸಿ ಅಭ್ಯಾಸ ಮಾಡಿ. ಕಿಲೋಓಮ್ ಗುಣಿಸು ಮೈಕ್ರೋಫ್ಯಾರಡ್ ಅಂದರೆ ಮಿಲಿಸೆಕೆಂಡ್ ಅನ್ನುವುದು ಬಾಯಲ್ಲೇ ಬರಬೇಕು.

ಈಗಾಗಲೇ ಎರಡನೇ ವರ್ಷದಲ್ಲಿದ್ದು ಬುನಾದಿ ಸಡಿಲವಿದ್ದರೆ ಹಿಂದಿನ ಗಣಿತದ ಪೇಪರ್ ಪೂರ್ತಿ ಮತ್ತೆ ಓದಬೇಡಿ, ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಬಿಡಿಸಿಟ್ಟ ಹಳೆಯ ಸರ್ಕ್ಯೂಟ್ ಲೆಕ್ಕ ಒಂದನ್ನು ತೆಗೆದುಕೊಂಡು, ಉತ್ತರ ಮುಚ್ಚಿ, ನೀವೇ ಬಿಡಿಸಿ. ಎಲ್ಲಿ ನಿಂತಿರೋ ಆ ಸಾಲಿಗೆ ಬೇಕಾದ ಗಣಿತ ಯಾವುದು ಎಂದು ಅಂಚಿನಲ್ಲಿ ಬರೆದಿಡಿ. ಹೀಗೆ ಹತ್ತಿಪ್ಪತ್ತು ಲೆಕ್ಕ ಆಗುವಷ್ಟರಲ್ಲಿ ಅಂಚಿನಲ್ಲಿ ಅವೇ ಮೂರು ನಾಲ್ಕು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಕೂತು ಕಲಿಯಬೇಕಾದದ್ದು ಅಷ್ಟನ್ನೇ.