ಬಟನ್ ಒತ್ತಿದ್ದು ಈಗ, ಗೊಂಬೆ ಹಾರಿದ್ದು ಆಮೇಲೆ

ಮನೆಗಳಿಗೆ ಹೋಗಿ ಟಿವಿ ಕೂರಿಸಿ, ಚಿತ್ರ ಹೊಂದಿಸಿ ಕೊಡುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಒಂದು ಮನೆಯಲ್ಲಿ ಸಿನಿಮಾ ಹಾಕಿಕೊಂಡು, ಬಣ್ಣ, ಬೆಳಕು ಎಲ್ಲ ಅಚ್ಚುಕಟ್ಟಾಗಿ ಮಾಡಿ ಬಂದಿದ್ದೆ. ಎರಡೇ ದಿನಕ್ಕೆ ಫೋನ್ ಬಂತು. "ಮಗನಿಗೆ ಗೇಮ್ ಆಡೋಕೇ ಆಗ್ತಿಲ್ಲವಂತೆ, ಒಂದ್ಸಲ ಬಂದು ನೋಡ್ತೀರಾ?"

ಕಂಟ್ರೋಲರ್ ಕೆಟ್ಟಿರಬೇಕು ಅಂದುಕೊಂಡೆ. ಬೇರೆ ಕಂಟ್ರೋಲರ್ ಹಿಡಿದು ನೋಡಿದೆ, ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ. ಕೊನೆಗೆ ಹುಡುಗನ ಪಕ್ಕ ಸುಮ್ನೆ ಕೂತೆ. ಬಟನ್ನಿನ ಟಕ್ ಸದ್ದು ಮೊದಲು ಕೇಳುತ್ತಿತ್ತು. ಗೊಂಬೆ ಹಾರುತ್ತಿದ್ದದ್ದು ಆಮೇಲೆ. ಅಷ್ಟರೊಳಗೆ ಅದು ಹಳ್ಳಕ್ಕೆ ಬಿದ್ದಾಗಿರುತ್ತಿತ್ತು.

ತಪ್ಪು ನನ್ನದೇ. ಎಷ್ಟೋ ಟಿವಿಗಳಲ್ಲಿ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತದೆ. ನಾನು ಸಿನಿಮಾ ಪ್ಲೇಯರ್ ಇದ್ದ ಪೋರ್ಟನ್ನು ಮಾತ್ರ ಸರಿ ಮಾಡಿದ್ದೆ. ಗೇಮ್ ಕನ್ಸೋಲ್ ಇದ್ದದ್ದು ಇನ್ನೊಂದರಲ್ಲಿ. ಅಲ್ಲಿ ಇನ್ನೂ ಬಣ್ಣಗಳನ್ನು ಢಾಳಾಗಿ ತೋರಿಸುವ ವಿವಿಡ್ ಮೋಡೇ ಇತ್ತು, ಮೋಷನ್ ಸ್ಮೂದಿಂಗ್ ಆನ್ ಆಗಿತ್ತು.

ಈ ಸ್ಮೂದಿಂಗ್ ಏನು ಮಾಡುತ್ತದೆ ಅಂದರೆ, ಎರಡು ಫ್ರೇಮುಗಳ (ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳ) ನಡುವೆ ತಾನೇ ಒಂದು ಹೊಸ ಫ್ರೇಮ್ ಕಟ್ಟುತ್ತದೆ. ಹಾಗೆ ಕಟ್ಟಬೇಕಾದರೆ ಮುಂದಿನ ಫ್ರೇಮ್ ಬರುವ ತನಕ ಕಾಯಲೇಬೇಕು, ಅಲ್ವಾ? ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಇಂಥ ನಾಲ್ಕೈದು ಫ್ರೇಮ್ ಹಿಂದೆ ಬಿದ್ದರೂ ಆಡುವ ಕೈಗೆ ಗೊತ್ತಾಗಿಬಿಡುತ್ತದೆ. ಸಿನಿಮಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಯಾಕಂದರೆ ಟಿವಿ ಧ್ವನಿಯನ್ನೂ ಅಷ್ಟೇ ತಡವಾಗಿ ಬಿಡುತ್ತದೆ. ಗೇಮ್ ಮೋಡ್ ಹಾಕಿದರೆ ಈ ಕೆಲಸಗಳಲ್ಲಿ ಹೆಚ್ಚಿನವು ನಿಂತುಹೋಗುತ್ತವೆ. ಹಾಕಿಕೊಟ್ಟೆ. ಹುಡುಗ ಅದೇ ಹಳ್ಳವನ್ನು ಮೊದಲ ಸಲಕ್ಕೇ ದಾಟಿದ.

ಈಗ ಟಿವಿ ಕೂರಿಸಿದ ಮೇಲೆ ಆಡುವವರ ಕೈಗೇ ಕಂಟ್ರೋಲರ್ ಕೊಟ್ಟು, ಅವರದೇ ಆಟ ಹಾಕಿಸಿ ನೋಡಿಯೇ ಹೊರಡುತ್ತೇನೆ. ಎಎಲ್ಎಲ್ಎಂ (ಆಟೋ ಲೋ ಲೇಟೆನ್ಸಿ ಮೋಡ್, ಅಂದರೆ ಗೇಮ್ ಮೋಡ್ ಹಾಕು ಅಂತ ಕನ್ಸೋಲೇ ಟಿವಿಗೆ ತಿಳಿಸುವ ಸೌಲಭ್ಯ) ಇರುವ ಟಿವಿ, ಕನ್ಸೋಲ್ ಆದರೆ ಗೇಮ್ ಮೋಡ್ ತಾನಾಗಿಯೇ ಬರುತ್ತದೆ. ಆದರೂ ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು. ಗೇಮ್ ಮೋಡಿನಲ್ಲಿ ಬಣ್ಣ ಜಾಸ್ತಿ ನೀಲಿ ಅನ್ನಿಸಿದರೆ ಕಲರ್ ಟೆಂಪರೇಚರನ್ನು ವಾರ್ಮ್ ಕಡೆ ತಿರುಗಿಸಿ. ಅದರಿಂದ ಆಟ ತಡವಾಗುವುದಿಲ್ಲ.

ಕತ್ತಲೆ ಗುಹೆಯ ಆಟದಲ್ಲಿ ಎಲ್ಲ ಮಸಿ ಬಳಿದ ಹಾಗೆ ಕಂಡರೆ ತಕ್ಷಣ ಬ್ರೈಟ್‌ನೆಸ್ ಏರಿಸಬೇಡಿ. ಕನ್ಸೋಲ್ ಕಪ್ಪಿನಿಂದ ಬಿಳಿವರೆಗಿನ ಬೆಳಕಿನ ಮಟ್ಟಗಳನ್ನು 0ಯಿಂದ 255ರವರೆಗೆ ಕಳಿಸುತ್ತಿದ್ದು, ಟಿವಿ 16ರಿಂದ 235 ಅಂದುಕೊಂಡಿದ್ದರೆ, 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪಾಗಿಬಿಡುತ್ತದೆ. ಎರಡೂ ಕಡೆ ಒಂದೇ ರೇಂಜ್ ಇಟ್ಟರೆ ಗುಹೆಯ ಗೋಡೆಯ ಕಲ್ಲುಗಳೂ ಕಾಣುತ್ತವೆ.