ಚಕ್ರವರ್ತಿಯ ಬೊಕ್ಕಸ ನೋಡಿಕೊಂಡ ಬರ್ನಾರ್ಡ್ ಮತ್ತು ಅವನ ಮನೆತನ

ಎಂಟು-ಒಂಬತ್ತನೇ ಶತಮಾನಗಳಲ್ಲಿ ಪಶ್ಚಿಮ ಯೂರೋಪನ್ನು ಆಳಿದ ಕ್ಯಾರೊಲಿಂಜಿಯನ್ ರಾಜವಂಶದ ಅರಮನೆಯ ಹುದ್ದೆಗಳ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಸೆಪ್ಟಿಮೇನಿಯದ (ಇಂದಿನ ದಕ್ಷಿಣ ಫ್ರಾನ್ಸಿನ ಒಂದು ಪ್ರಾಂತ್ಯ) ಬರ್ನಾರ್ಡನ ಕಡೆಗೆ ಹೊರಳುತ್ತದೆ. ಅವನ ತಂದೆ ವಿಲಿಯಂ ಚಕ್ರವರ್ತಿ ಷಾರ್ಲ್‌ಮೇನನ ಬಂಧು. 801ರಲ್ಲಿ ಬಾರ್ಸಿಲೋನವನ್ನು ಗೆದ್ದ ದಂಡಿನಲ್ಲಿದ್ದು, ಮುಂದೆ ಜೆಲೋನ್‌ನಲ್ಲಿ ತಾನೇ ಕಟ್ಟಿಸಿದ ಮಠ ಸೇರಿದವನು.

827ರಲ್ಲಿ ಸ್ಪೇನಿನ ಕಡೆಯ ಗಡಿನಾಡು ದಂಗೆಯೆದ್ದಾಗ ಬಾರ್ಸಿಲೋನದ ಕೌಂಟ್ ಆಗಿದ್ದ ಬರ್ನಾರ್ಡ್ ನಗರವನ್ನು ಉಳಿಸಿಕೊಂಡನು. ನೆರವಿನ ಸೈನ್ಯವನ್ನು ತಡವಾಗಿ ತಂದ ಟೂರ್‌ನ ಹ್ಯೂ ಮತ್ತು ಓರ್ಲಿಯಾನ್‌ನ ಮ್ಯಾಟ್‌ಫ್ರಿಡ್ ಮರುವರ್ಷವೇ ಪದವಿಗಳನ್ನು ಕಳೆದುಕೊಂಡರು. ಹ್ಯೂ ಸಾಮಾನ್ಯನಲ್ಲ, ಆಗಿನ ಚಕ್ರವರ್ತಿ, ಷಾರ್ಲ್‌ಮೇನನ ಮಗ ಲೂಯಿಯ ಹಿರಿಯ ಮಗ ಲೋಥರನ ಮಾವ. ಹೀಗೆ ಒಬ್ಬ ಅಧಿಕಾರಿಯ ಪದಚ್ಯುತಿ ರಾಜಕುಟುಂಬದೊಳಗಿನ ಹಗೆಯಾಗಿ ಬೆಳೆಯಿತು.

829ರಲ್ಲಿ ಚಕ್ರವರ್ತಿ ಲೂಯಿ ಬರ್ನಾರ್ಡನನ್ನು ಅರಮನೆಯ ಕೋಶಾಧಿಕಾರಿಯನ್ನಾಗಿ ನೇಮಿಸಿದನು. ಈ ಹುದ್ದೆಯ ಸ್ವರೂಪವನ್ನು ಗಮನಿಸದೆ ಮುಂದಿನ ದುರಂತ ಅರ್ಥವಾಗುವುದಿಲ್ಲ. ರೀಮ್ಸ್‌ನ ಆರ್ಚ್‌ಬಿಷಪ್ ಹಿಂಕ್ಮಾರ್ 882ರಲ್ಲಿ ಬರೆದಿಟ್ಟಂತೆ, ಅರಮನೆಯ ಅಲಂಕಾರವನ್ನೂ ಸರದಾರರು ವರ್ಷವರ್ಷ ಒಪ್ಪಿಸುವ ಕಾಣಿಕೆಗಳನ್ನೂ ರಾಣಿ ನೋಡಿಕೊಳ್ಳಬೇಕು, ಕೋಶಾಧಿಕಾರಿ ಅವಳ ಕೈಕೆಳಗೆ ಕೆಲಸ ಮಾಡಬೇಕು. ಅಂದರೆ ಲೂಯಿಯ ಎರಡನೇ ಹೆಂಡತಿ ರಾಣಿ ಜೂಡಿತಳ ಸಾಮೀಪ್ಯ ಬರ್ನಾರ್ಡನ ಕರ್ತವ್ಯದ ಭಾಗವೇ ಆಗಿತ್ತು. ವೈರಿಗಳು ಅದನ್ನೇ ಹಿಡಿದು ವ್ಯಭಿಚಾರದ ಆರೋಪ ಹೊರಿಸಿದರು. ಬೇರಾವ ಅಧಿಕಾರಿಯ ಮೇಲೂ ಈ ಆರೋಪ ಇಷ್ಟು ಸುಲಭವಾಗಿ ಅಂಟುತ್ತಿರಲಿಲ್ಲವೆಂದು ನನಗನ್ನಿಸುತ್ತದೆ.

ಲೂಯಿಯ ವಿರುದ್ಧ ಅವನ ಹಿರಿಯ ಮಕ್ಕಳು ಎದ್ದ 830ರ ಬಂಡಾಯದಲ್ಲಿ ಬರ್ನಾರ್ಡ್ ಬಾರ್ಸಿಲೋನಕ್ಕೆ ಓಡಿಹೋದನು. ಸಿಕ್ಕಿಬಿದ್ದ ತಮ್ಮ ಹೆರಿಬರ್ಟನ ಕಣ್ಣು ಕೀಳಿಸಲಾಯಿತು. 834ರಲ್ಲಿ ಲೋಥರ್ ಬರ್ನಾರ್ಡನ ಸೋದರಿ ಗರ್ಬರ್ಗಾಳನ್ನು ಮಾಟಗಾತಿಯೆಂದು ಸೋನ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿದನು. ಅವಳು ಸನ್ಯಾಸಿನಿ, ಯಾವ ಹುದ್ದೆಯಲ್ಲೂ ಇದ್ದವಳಲ್ಲ. ಹುದ್ದೆಯ ವೈಭವದಂತೆ ಅದರ ಹಗೆಯೂ ಇಡೀ ಮನೆತನದ ಪಾಲಿಗೆ ಬರುತ್ತಿತ್ತು.

ಬರ್ನಾರ್ಡನ ಹೆಂಡತಿ ದುವೋಡಾ ಇದನ್ನು ಬಲ್ಲವಳಾಗಿದ್ದಳು. ಲೂಯಿ ಸತ್ತ ಮೇಲೆ ಅವನ ಮಕ್ಕಳು ತಮ್ಮತಮ್ಮಲ್ಲೇ ಹೋರಾಡಿದ 841ರ ಫಾಂಟನ್ವಾ ಕದನದ ನಂತರ ಬರ್ನಾರ್ಡ್ ಹದಿಹರೆಯದ ಹಿರಿಯ ಮಗ ವಿಲಿಯಂನನ್ನು ಜೂಡಿತಳ ಮಗ ಬೋಳು ಚಾರ್ಲ್ಸ್‌ನ ವಶಕ್ಕೆ ಒಪ್ಪಿಸಿದನು. ಕಿರಿಯ ಕೂಸನ್ನು ದೀಕ್ಷಾಸ್ನಾನಕ್ಕೆ ಮೊದಲೇ ತನ್ನ ಬಳಿಗೆ ಕರೆಸಿಕೊಂಡನು. ಮಗುವಿನ ಹೆಸರನ್ನೂ ತಿಳಿಯದ ದುವೋಡಾ ಉಜೆಸ್‌ನಲ್ಲಿ ಒಬ್ಬಳೇ ಉಳಿದು, 843ರ ಫೆಬ್ರುವರಿಯವರೆಗೆ ವಿಲಿಯಂನಿಗಾಗಿ ಒಂದು ಉಪದೇಶ ಗ್ರಂಥವನ್ನು ಬರೆದಳು. ರಾಜನಿಗೆ ನಿಷ್ಠನಾಗಿರು ಎಂದು ಅದರಲ್ಲಿ ಹೇಳುತ್ತಾಳೆ. ಆದರೆ ತಂದೆಯ ಗೌರವವನ್ನು ಅದಕ್ಕಿಂತ ಮೊದಲಿಡುತ್ತಾಳೆ. ಆ ಕ್ರಮದಲ್ಲಿ ನನಗೆ ಅವಳ ಧೈರ್ಯ ಕಾಣುತ್ತದೆ. 844ರಲ್ಲಿ ಚಾರ್ಲ್ಸ್ ಬರ್ನಾರ್ಡನಿಗೆ ಮರಣದಂಡನೆ ವಿಧಿಸಿದನು. ತಂದೆಯ ಪಕ್ಷವನ್ನೇ ಹಿಡಿದ ವಿಲಿಯಂ 848ರಲ್ಲಿ ಬಾರ್ಸಿಲೋನವನ್ನು ವಶಪಡಿಸಿಕೊಂಡು, 850ರಲ್ಲಿ ಅಲ್ಲಿಯೇ ಕೊಲ್ಲಲ್ಪಟ್ಟನು.