ಹಾರ್ಮೋನಿಯಂ ಹಿಂದೆ ಸಿಕ್ಕ ಟಿಪ್ಪಣಿ ಪುಸ್ತಕ

ನಮ್ಮ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಬೆಳಗಿನ ಆರಾಧನೆ ಎಂಟು ಗಂಟೆಗೆ ಎಂದರೆ ಎಂಟಕ್ಕೇ ಆರಂಭವಾಗುತ್ತಿತ್ತು. ಒಂದು ನಿಮಿಷ ತಡವಾಗಿ ಬಂದವನು ಮೊದಲ ಕೀರ್ತನೆ ಮುಗಿಯುವವರೆಗೆ ಬಾಗಿಲ ಹೊರಗೇ ನಿಲ್ಲಬೇಕಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳದೆ ಬಂದವನ ಕಡೆ, ಕೀರ್ತನೆ ಹಾಡುವಾಗ ಬೆಂಚಿಗೆ ಒರಗಿ ನಿಂತವನ ಕಡೆ ವೇದಪಾಠದ, ಅಂದರೆ ಬೈಬಲ್ ತರಗತಿಯ, ಮೇಷ್ಟ್ರು ಒಮ್ಮೆ ನೋಡಿದರೆ ಸಾಕು, ಅವನು ತಾನಾಗಿಯೇ ಸರಿಯಾಗುತ್ತಿದ್ದ. ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆ, ಗಾಯನ ಮಂಡಳಿಯ ಹೊಣೆ, ಮಂದಿರದ ಬೀಗದ ಕೈ ಎಲ್ಲವೂ ಅವರ ಬಳಿಯೇ ಇದ್ದವು. ಪ್ರಾರ್ಥನೆಯನ್ನು ಅವರು ಯಾವಾಗಲೂ ಆರಾಧನಾ ಕ್ರಮದ ಪುಸ್ತಕವನ್ನು ತೆರೆದು, ಅಕ್ಷರ ತಪ್ಪದೆ, ಏರಿಳಿತವಿಲ್ಲದ ದನಿಯಲ್ಲಿ ಓದುತ್ತಿದ್ದರು. ಹತ್ತೊಂಬತ್ತು ವರ್ಷದ ನಮ್ಮ ಕಣ್ಣಿಗೆ ಅವರು ಸತ್ತ ಧರ್ಮದ ಜೀವಂತ ಉದಾಹರಣೆಯಾಗಿ ಕಾಣುತ್ತಿದ್ದರೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ನಾವು ಎಂದರೆ ಪ್ರಾರ್ಥನಾ ಗುಂಪಿನ ಹನ್ನೆರಡು ಮಂದಿ. ಭಕ್ತಿಯನ್ನು ಮತ್ತೆ ಹೊತ್ತಿಸಲು ನಡೆಸುವ ಉಜ್ಜೀವನ ಕೂಟವೊಂದರಲ್ಲಿ, ಯೇಸುವಿಗೆ ಒಪ್ಪಿಸಿಕೊಳ್ಳುತ್ತೇವೆಂದು ಕೈಯೆತ್ತಿ ಬಂದ ಮೇಲೆ ನಮ್ಮ ಬದುಕು ಬದಲಾಗಿದೆ ಎಂದು ನಾವು ನಂಬಿದ್ದೆವು. ಆ ನಂಬಿಕೆ ಪೂರ್ತಿ ಸುಳ್ಳಾಗಿತ್ತು ಎಂದು ನಾನು ಇಂದಿಗೂ ಹೇಳಲಾರೆ. ವಾರಕ್ಕೊಂದು ಉಪವಾಸ, ತಿಂಗಳಿಗೊಮ್ಮೆ ಇಡೀ ರಾತ್ರಿಯ ಪ್ರಾರ್ಥನೆ, ಕಣ್ಣೀರು, ಎತ್ತರದ ದನಿ ಇವೆಲ್ಲವೂ ನಮ್ಮಲ್ಲಿದ್ದವು. ಪುಸ್ತಕ ನೋಡಿ ಪ್ರಾರ್ಥಿಸುವುದು ಬಾಯಿಯ ಭಕ್ತಿ, ಮನಸ್ಸಿಗೆ ಬಂದಂತೆ ಪ್ರಾರ್ಥಿಸುವುದು ಹೃದಯದ ಭಕ್ತಿ ಎಂಬ ವಿಂಗಡಣೆ ನಮಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬೈಬಲಿನ ಯೆಶಾಯನ ಗ್ರಂಥದ 29ನೆಯ ಅಧ್ಯಾಯದಲ್ಲಿ ಬರುವ, ತುಟಿಗಳಿಂದ ದೇವರನ್ನು ಸನ್ಮಾನಿಸುತ್ತಾ ಹೃದಯವನ್ನು ದೂರವಿಟ್ಟ ಜನರ ಕುರಿತ ಮಾತನ್ನು ಓದುವಾಗಲೆಲ್ಲ ನಮ್ಮ ಕಣ್ಣುಗಳು ತಾವಾಗಿಯೇ ಮೇಷ್ಟ್ರ ಖಾಲಿ ಕುರ್ಚಿಯ ಕಡೆ ತಿರುಗುತ್ತಿದ್ದವು.

ಅವರ ತರಗತಿಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಪ್ರವಾದಿ ಆಮೋಸನ ಪಾಠ. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ತೆಕೋವದ ಈ ಕುರುಬ ಇಸ್ರಾಯೇಲ್ ಎಂಬ ಉತ್ತರದ ರಾಜ್ಯಕ್ಕೆ ಹೋಗಿ, ರಾಜನ ಆರಾಧನಾ ಸ್ಥಳವಾಗಿದ್ದ ಬೇತೇಲಿನಲ್ಲಿಯೇ ನಿಂತು ಮಾತನಾಡಿದವನು. ನಿಮ್ಮ ಉತ್ಸವಗಳನ್ನು ದ್ವೇಷಿಸುತ್ತೇನೆ, ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿ ಎಂದು ದೇವರು ಹೇಳುವ 5ನೆಯ ಅಧ್ಯಾಯವನ್ನು ಗಾಯನ ಮಂಡಳಿಯ ಮೇಲ್ವಿಚಾರಕರಾದ ಮೇಷ್ಟ್ರೇ ಓದಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ನೇರವಾಗಿ 8ನೆಯ ಅಧ್ಯಾಯಕ್ಕೆ ಪುಟ ತಿರುವಿದರು. ಅಲ್ಲಿ ವ್ಯಾಪಾರಿಗಳು ಅಮಾವಾಸ್ಯೆಯ ಹಬ್ಬ ಯಾವಾಗ ಮುಗಿದೀತು, ವಾರದ ವಿಶ್ರಾಂತಿ ದಿನವಾದ ಸಬ್ಬತ್ತು ಯಾವಾಗ ಕಳೆದೀತು, ಧಾನ್ಯದ ಅಳತೆಯನ್ನು ಕಿರಿದು ಮಾಡಿ, ತೂಕದ ಕಲ್ಲನ್ನು ಹಿರಿದು ಮಾಡಿ ಯಾವಾಗ ಮಾರೇವು ಎಂದು ಕಾಯುತ್ತಿರುತ್ತಾರೆ. "ಇವರು ಸಬ್ಬತ್ತನ್ನು ಮುರಿದವರಲ್ಲ, ಗಮನಿಸಿ," ಎಂದರು ಮೇಷ್ಟ್ರು. "ನಿಯಮದಂತೆ ಅಂಗಡಿ ಮುಚ್ಚಿದವರೇ. ಆಮೋಸ ಅವರನ್ನು ಕೇಳುತ್ತಿರುವುದು ಹಾಡಿನ ರಾಗವನ್ನಲ್ಲ, ತಕ್ಕಡಿಯನ್ನು." ಹೃದಯ ಎಂಬ ಮಾತನ್ನು ಅವರು ಆ ಪಾಠದಲ್ಲಿ ಒಮ್ಮೆಯೂ ಬಳಸಲಿಲ್ಲ. ಅದು ನಮ್ಮ ಗುಂಪಿನಲ್ಲಿ ಅವರ ವಿರುದ್ಧದ ಇನ್ನೊಂದು ಸಾಕ್ಷ್ಯವಾಯಿತು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ತನ್ನ ಭಕ್ತಿಯನ್ನೇ ಹೊಗಳಿಕೊಂಡು ಪ್ರಾರ್ಥಿಸುವ ಧರ್ಮನಿಷ್ಠ ಫರಿಸಾಯ ಮತ್ತು ಪಾಪಿಯೆಂದು ಒಪ್ಪಿ ಕರುಣೆ ಬೇಡುವ ಸುಂಕದವನ ಸಾಮ್ಯವನ್ನು ಕೊಟ್ಟು, ಈ ಕಥೆಯಲ್ಲಿ ನೀನು ಯಾರು ಎಂದು ಕಾರಣ ಸಹಿತ ಬರೆಯುವಂತೆ ಅವರೊಮ್ಮೆ ಕೇಳಿದ್ದರು. ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸುವಾಗ ಅವರು ಎಂದಿಲ್ಲದ ತುಂಟತನದಿಂದ, "ಒಂದೇ ತರಗತಿಯಲ್ಲಿ ಮೂವತ್ತು ಮಂದಿ ಸುಂಕದವರು! ಪಾಪ, ಫರಿಸಾಯ ಎಲ್ಲಿಗೆ ಹೋದನೋ!" ಎಂದರು. ನಾನಂತೂ ಎರಡು ಪುಟ ಬರೆದಿದ್ದೆ.

ಯೇಸು ಹಲವು ಬಾರಿ ಬಳಸಿದ 'ಕಪಟಿಗಳು' ಎಂಬ ಮಾತಿನ ಗ್ರೀಕ್ ಮೂಲ 'ಹುಪೊಕ್ರಿತೇಸ್'. ಅದು ರಂಗದ ಮೇಲೆ ಪಾತ್ರ ವಹಿಸುವ ನಟನಿಗೆ ಇದ್ದ ಹೆಸರು ಎಂದು ಅವರು ವಿವರಿಸಿದ ದಿನವೂ ನೆನಪಿದೆ. ನಟನಿಗೆ ಪ್ರೇಕ್ಷಕರು ಬೇಕು. ಮತ್ತಾಯನ 6ನೆಯ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಈ ಮೂರರಲ್ಲಿ ಯಾವುದನ್ನೂ ಬಿಡಿ ಎಂದು ಯೇಸು ಹೇಳುವುದಿಲ್ಲ, ನೋಡುವವರನ್ನು ಬಿಡಿ ಎನ್ನುತ್ತಾನೆ. ತುತ್ತೂರಿ ಬೇಡ, ಬೀದಿಯ ಮೂಲೆ ಬೇಡ, ಬಾಗಿಲು ಮುಚ್ಚಿಕೋ, ಉಪವಾಸವಿದ್ದರೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ. ನಮ್ಮ ಗುಂಪಿನ ಉಪವಾಸದ ದಿನ ಯಾವುದೆಂದು ನಿಲಯದಲ್ಲಿ ಎಲ್ಲರಿಗೂ ನಮ್ಮ ಮುಖ ನೋಡಿಯೇ ತಿಳಿಯುತ್ತಿತ್ತು ಎಂಬುದನ್ನು ಇಲ್ಲಿ ಸೇರಿಸಬೇಕು.

ಇನ್ನು ಟಿಪ್ಪಣಿ ಪುಸ್ತಕದ ವಿಷಯ. ಎರಡನೆಯ ವರ್ಷದ ವೇದಪಾಠದ ಬಹುಮಾನ ಪರೀಕ್ಷೆಗೆ ಪರ್ವತ ಪ್ರಸಂಗ, ಅಂದರೆ ಮತ್ತಾಯನ 5ರಿಂದ 7ರವರೆಗಿನ ಅಧ್ಯಾಯಗಳು, ಪಠ್ಯವಾಗಿದ್ದವು. ನಾನು ತಿಂಗಳುಗಟ್ಟಲೆ ಬರೆದಿಟ್ಟ ಟಿಪ್ಪಣಿ ಪುಸ್ತಕ ಪರೀಕ್ಷೆಗೆ ಹತ್ತು ದಿನವಿರುವಾಗ ಕಾಣೆಯಾಯಿತು. ನನ್ನ ಕೋಣೆಯ ಸಂಗಾತಿಯೂ ಅದೇ ಪರೀಕ್ಷೆಗೆ ಕುಳಿತಿದ್ದ. ಅವನು ನಮ್ಮ ಗುಂಪಿಗೆ ಸೇರದವನು, ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದವನು. ಬೇರೇನೂ ಆಧಾರವಿಲ್ಲದೆ, ಊಟದ ಕೋಣೆಯಲ್ಲಿ ಎಲ್ಲರೆದುರು, ಅವನೇ ತೆಗೆದಿದ್ದಾನೆ ಎಂದುಬಿಟ್ಟೆ. ಮಾತು ಮೇಷ್ಟ್ರವರೆಗೂ ಹೋಗಿ, ಅವರು ಅವನನ್ನು ಗಾಯನ ಮಂಡಳಿಯಿಂದ ಹೊರಗಿಟ್ಟರು. ಅದಾದ ಮೂರನೆಯ ದಿನ ಸಂಜೆಯ ಪ್ರಾರ್ಥನೆಗೆಂದು ಮಂದಿರದಲ್ಲಿ ಚಾಪೆ ಹಾಸುತ್ತಿದ್ದಾಗ, ಹಾರ್ಮೋನಿಯಂ ಮತ್ತು ಗೋಡೆಯ ನಡುವೆ ಪುಸ್ತಕ ಬಿದ್ದಿರುವುದು ಕಂಡಿತು. ನಾನೇ ಅಲ್ಲಿಟ್ಟು ಮರೆತಿದ್ದೆ. ಅಂಗಿಯೊಳಗೆ ಅಡಗಿಸಿಕೊಂಡು ಬಂದು ನನ್ನ ಟ್ರಂಕಿನ ತಳದಲ್ಲಿ ಇಟ್ಟೆ. ಆ ರಾತ್ರಿಯ ಪ್ರಾರ್ಥನೆಯಲ್ಲಿ ನಾನು ಎಂದಿಗಿಂತ ಹೆಚ್ಚು ಅತ್ತೆ, ಮತ್ತು ಆ ಕಣ್ಣೀರು ನಟನೆಯದ್ದಾಗಿರಲಿಲ್ಲ. ಕಣ್ಣೀರು ನಿಜವಾಗಿದ್ದೂ ಪುಸ್ತಕ ಟ್ರಂಕಿನಲ್ಲೇ ಇರಬಲ್ಲದು ಎಂಬುದನ್ನು ನಾನು ತಿಳಿದುಕೊಂಡದ್ದು ಯಾವ ಗ್ರಂಥದಿಂದಲೂ ಅಲ್ಲ.

ಪರೀಕ್ಷೆಯಲ್ಲಿ ನನಗೆ ಪ್ರಥಮ ಬಹುಮಾನ ಬಂತು. ಬಲಿಪೀಠದ ಬಳಿಗೆ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಸಮಾಧಾನವಾಗು ಎಂಬ 5ನೆಯ ಅಧ್ಯಾಯದ ವಚನಗಳ ಮೇಲೆ ನಾನು ಬರೆದ ಉತ್ತರವನ್ನು ತರಗತಿಯಲ್ಲಿ ಓದಿ ಹೇಳಲಾಯಿತು.

ಅದಾದ ಮೇಲೆ ಬಂದ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಭಾನುವಾರದ ಹಿಂದಿನ ರಾತ್ರಿ ನಮ್ಮ ಕೋಣೆಯ ಬಾಗಿಲು ಬಡಿದ ಸದ್ದಾಯಿತು. ಮೇಷ್ಟ್ರು ನಿಂತಿದ್ದರು. ರಾತ್ರಿ ಕೋಣೆಗಳಿಗೆ ಅವರು ಬರುತ್ತಿದ್ದುದು ದೀಪ ಆರಿಸಿದ್ದೇವೆಯೇ ಎಂದು ನೋಡಲು ಮಾತ್ರ, ಹಾಗಾಗಿ ನಾನು ಎದ್ದು ದೀಪದ ಕಡೆಗೆ ಹೋದೆ. ಅವರು ನನ್ನನ್ನು ದಾಟಿ ನನ್ನ ಸಂಗಾತಿಯ ಮಂಚದ ಬಳಿ ನಿಂತು, "ವಿಚಾರಣೆ ಮಾಡದೆ ನಿನ್ನನ್ನು ಮಂಡಳಿಯಿಂದ ತೆಗೆದೆ. ನೀನು ಪುಸ್ತಕ ತೆಗೆದೆಯೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲದೆ ಶಿಕ್ಷೆ ಕೊಟ್ಟದ್ದು ನನ್ನ ತಪ್ಪು. ನನ್ನನ್ನು ಕ್ಷಮಿಸು," ಎಂದರು. ಅವರ ದನಿ ಆರಾಧನಾ ಕ್ರಮದ ಪುಸ್ತಕ ಓದುವಾಗಿನ ಅದೇ ಏರಿಳಿತವಿಲ್ಲದ ದನಿಯಾಗಿತ್ತು. "ಹಾಗೆಲ್ಲ ಹೇಳಬೇಡಿ ಸರ್," ಎಂದು ಅವನು ಎದ್ದು ನಿಂತ. ಅವರು ತಲೆಯಾಡಿಸಿ, ಮರುದಿನ ಬೆಳಿಗ್ಗೆ ಹಾಡಲು ಬರುವಂತೆ ಹೇಳಿ ಹೋದರು. ನಾನು ದೀಪದ ಗುಂಡಿಯ ಬಳಿಯೇ ನಿಂತಿದ್ದೆ. ನನ್ನ ಕಾಲ ಬಳಿ ಟ್ರಂಕು ಇತ್ತು.

ಪ್ರತಿ ಭೋಜನದ ಆರಾಧನೆಗೂ ಮುಂಚೆ ಅವರು ಹೀಗೆ ಯಾರ ಬಳಿಗಾದರೂ ಹೋಗುವುದುಂಟು ಎಂದು ಎಷ್ಟೋ ವರ್ಷಗಳ ಮೇಲೆ ಬೇರೆ ಹಳೆಯ ವಿದ್ಯಾರ್ಥಿಗಳಿಂದ ತಿಳಿಯಿತು. ಆರಾಧನಾ ಕ್ರಮದ ಪುಸ್ತಕದಲ್ಲಿದ್ದ ಪಾಪನಿವೇದನೆಯ ಪ್ರಾರ್ಥನೆಯನ್ನು ಅವರು ಬರಿದೇ ಓದುತ್ತಿರಲಿಲ್ಲ, ಪಾಲಿಸುತ್ತಿದ್ದರು. ನಾವು ಯಾವುದನ್ನು ಬರಿಯ ಹೊರಗಿನ ಆಚಾರ ಎಂದುಕೊಂಡಿದ್ದೆವೋ ಅದು ಅವರಿಗೆ ತಪ್ಪಿಸಿಕೊಳ್ಳಲಾಗದಂತೆ ಬಿಗಿದ ಕಟ್ಟಾಗಿತ್ತು: ಭಾನುವಾರ ಬರುತ್ತದೆ, ಆದ್ದರಿಂದ ಶನಿವಾರ ಹೋಗಲೇಬೇಕು. ನಮ್ಮ ಹೃದಯದ ಭಕ್ತಿಗೆ ಅಂಥ ಶನಿವಾರವೇ ಇರಲಿಲ್ಲ.

ಆ ಭಾನುವಾರ ನಾನು ಕರ್ತನ ಭೋಜನ ಸ್ವೀಕರಿಸಲು ಏಳಲಿಲ್ಲ. ಕುಳಿತಲ್ಲೇ ಕುಳಿತ ನನ್ನನ್ನು ನೋಡಿ ಗುಂಪಿನ ಗೆಳೆಯರು ಆತ್ಮಪರೀಕ್ಷೆಯಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಮೆಚ್ಚಿಕೊಂಡರು. ಹೀಗೆ ಅದೂ ನನ್ನ ಲೆಕ್ಕಕ್ಕೆ ಜಮೆಯಾಯಿತು. ಇನ್ನೂ ಎರಡು ವಾರ ಕಳೆದ ಮೇಲೆ ಸಂಗಾತಿಗೆ ಪುಸ್ತಕ ತೋರಿಸಿ ನಡೆದದ್ದನ್ನು ಹೇಳಿದೆ. ಅವನು ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. "ಆಯಿತು," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಮೊದಲಿನಂತೆ ಮಾತನಾಡಲು ಅವನಿಗೆ ಆ ವರ್ಷವಿಡೀ ಬೇಕಾಯಿತು. ಮೇಷ್ಟ್ರಿಗೆ ಹೇಳಿದಾಗ ಅವರು, "ಊಟದ ಕೋಣೆಯಲ್ಲಿ ಹೇಳಿದ್ದನ್ನು ಊಟದ ಕೋಣೆಯಲ್ಲೇ ಹಿಂತೆಗೆದುಕೋ," ಎಂದಷ್ಟೇ ಅಂದರು. ಹಾಗೆಯೇ ಮಾಡಿದೆ. ಆಗ ಗುಂಪಿನವರು ಇದನ್ನು ಮುಂದಿನ ಕೂಟದಲ್ಲಿ ಸಾಕ್ಷಿಯಾಗಿ ಹೇಳಬೇಕು, ಅನೇಕರಿಗೆ ಆಶೀರ್ವಾದವಾಗುತ್ತದೆ ಎಂದು ಒತ್ತಾಯಿಸತೊಡಗಿದರು, ನನಗೂ ಮನಸ್ಸಿತ್ತು. ಮೇಷ್ಟ್ರು ನನ್ನನ್ನು ಕರೆಸಿ, "ಒಪ್ಪಿಕೊಂಡದ್ದು ಸಾಕು. ಅದರಿಂದ ಇನ್ನೊಂದು ಬಹುಮಾನ ಬೇಡ," ಎಂದರು.

ಮುಂದೆ ಕ್ರೈಸ್ತ ಸಭೆಯ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಆ ಟ್ರಂಕನ್ನೇ ಹುಡುಕಿದ್ದೇನೆ. ಮುಂದೆ ಪಾದ್ರಿಯಾದ ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಯ ನಡುವೆ ದೇವರನ್ನು ಕೂಗಿಕೊಂಡು ಮನಸ್ಸು ತಿರುಗಿಸಿಕೊಂಡವರು. ಆ ಅನುಭವ ಸುಳ್ಳೆಂದು ಹೇಳಲು ಯಾರಿಗೂ ಕಾರಣವಿಲ್ಲ. ಆದರೂ ಅದಾದ ಮೇಲೆಯೇ ಅವರು ಗುಲಾಮರನ್ನು ಸಾಗಿಸುವ ಹಡಗುಗಳಿಗೆ ನಾಯಕರಾಗಿ 1750ರಿಂದ 1754ರವರೆಗೆ ಮೂರು ಯಾನ ಮಾಡಿದರು. ಹಡಗಿನ ಮೇಲೆ ಭಾನುವಾರದ ಆರಾಧನೆ ತಪ್ಪದೆ ನಡೆಯುತ್ತಿತ್ತು, ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತಮ್ಮ ಪಾಲನ್ನೂ ಅವರು ಬಹಿರಂಗವಾಗಿ ಬರೆದು ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಾದ ನಲವತ್ತು ವರ್ಷಗಳ ನಂತರ. ಆ ನಲವತ್ತು ವರ್ಷಗಳನ್ನು ಬರಿಯ ಕಪಟವೆಂದು ತಳ್ಳಿಹಾಕುವವರ ಜೊತೆ ನಾನು ಸೇರಲಾರೆ, ನನ್ನ ಎರಡು ವಾರಗಳು ನನಗೆ ಗೊತ್ತಿವೆ. ಆದರೆ ಬಿರುಗಾಳಿಗಿಂತ 1788 ನನಗೆ ದೊಡ್ಡದಾಗಿ ಕಾಣುತ್ತದೆ.

ಮೆಥಡಿಸ್ಟ್ ಪಂಥಕ್ಕೆ ಕಾರಣರಾದ ಜಾನ್ ವೆಸ್ಲಿಯ ಕಥೆಯನ್ನೂ ನಮ್ಮ ಗುಂಪು ಅರ್ಧವೇ ಹೇಳುತ್ತಿತ್ತು. ಆಕ್ಸ್‌ಫರ್ಡಿನಲ್ಲಿ ಬುಧವಾರ ಶುಕ್ರವಾರ ಉಪವಾಸವಿದ್ದು, ಸೆರೆಮನೆಗಳಿಗೆ ಹೋಗಿ ಬರುತ್ತಿದ್ದ ಅವರಿಗೆ ಅದೆಲ್ಲವೂ ಕೊಡದ ಭರವಸೆ 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ಹೃದಯ ಬೆಚ್ಚಗಾಗುವ ಮೂಲಕ ದೊರೆಯಿತು ಎಂಬಲ್ಲಿಗೆ ನಾವು ನಿಲ್ಲಿಸುತ್ತಿದ್ದೆವು. ಎರಡು ವರ್ಷಗಳ ನಂತರ ಅದೇ ಊರಿನ ಫೆಟರ್ ಲೇನ್ ಕೂಟದಲ್ಲಿ ಕೆಲವರು, ನಿಜವಾದ ನಂಬಿಕೆ ಬರುವವರೆಗೆ ಭೋಜನಕ್ಕೂ ಪ್ರಾರ್ಥನೆಗೂ ಹೋಗದೆ ಸುಮ್ಮನೆ ಕಾಯಬೇಕು ಎಂದು ಬೋಧಿಸತೊಡಗಿದಾಗ ವೆಸ್ಲಿ ಅದನ್ನು ಒಪ್ಪದೆ 1740ರಲ್ಲಿ ಅವರಿಂದ ಬೇರೆಯಾದರು. ಹೃದಯ ಬೆಚ್ಚಗಾದವರೇ ಕ್ರಮವನ್ನು ಬಿಟ್ಟುಕೊಡಲಿಲ್ಲ. ಯೇಸುವಾದರೂ ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿ ಹತ್ತನೆಯ ಪಾಲು ಕೊಟ್ಟು ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟವರನ್ನು ಖಂಡಿಸುವಾಗ, ಇವುಗಳನ್ನು ಮಾಡಬೇಕಿತ್ತು, ಅವುಗಳನ್ನೂ ಬಿಡಬಾರದಿತ್ತು ಎನ್ನುತ್ತಾನೆಯೇ ಹೊರತು ಜೀರಿಗೆಯನ್ನು ಎಸೆಯಿರಿ ಎನ್ನುವುದಿಲ್ಲ. ಸಬ್ಬತ್ತಿನ ದಿನ ಸಭಾಮಂದಿರಕ್ಕೆ ಹೋಗುವುದು ಅವನ ವಾಡಿಕೆಯಾಗಿತ್ತೆಂದು ಲೂಕನು ಬರೆದಿದ್ದಾನೆ.

ಈ ಬರಹವನ್ನು ಕಳುಹಿಸುವ ಮೊದಲು ನನ್ನ ಹಳೆಯ ಸಂಗಾತಿಗೆ ಓದಲು ಕೊಟ್ಟೆ. ಮೇಷ್ಟ್ರು ಬೇಡವೆಂದಿದ್ದ ಸಾಕ್ಷಿಯನ್ನೇ ನಾನೀಗ ಸಂಚಿಕೆಯಲ್ಲಿ ಹೇಳುತ್ತಿಲ್ಲವೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ, ಅದನ್ನು ಅವನಿಗೂ ಹೇಳಿದೆ. ಅವನು ಎರಡು ಬಾರಿ ಓದಿ, ತನ್ನ ಹೆಸರಿದ್ದ ಕಡೆಗಳಲ್ಲೆಲ್ಲ ಅದನ್ನು ಹೊಡೆದುಹಾಕಿ, ನನ್ನ ಹೆಸರನ್ನೂ ಕೆಳಗಿನಿಂದ ತೆಗೆದುಬಿಡಲು ಹೇಳಿದ. ಹಾಗೆಯೇ ಮಾಡಿದ್ದೇನೆ.